ನಮ್ಮ ವರ್ಣಮಾಲೆ ಹಿಡಿದು ಹಿರಗನ ಕಲಿಯುವುದು

ಹಿರಗನ ಅಂದರೆ ಜಪಾನಿ ಭಾಷೆಯ ಒಂದು ಲಿಪಿ. ಮೊದಲು ಅದರ ಹೆಸರನ್ನೇ ಸರಿ ಮಾಡಿಕೊಳ್ಳೋಣ. ನಮ್ಮಲ್ಲಿ ತುಂಬ ಜನ 'ಹಿರಾಗಾನಾ' ಅನ್ನುತ್ತಾರೆ. ಜಪಾನಿನವರು ಹೇಳುವುದು 'ಹಿರಗನ'. ನಾಲ್ಕು ಅಕ್ಷರ, ನಾಲ್ಕೂ ಹ್ರಸ್ವ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದಿದ್ದರಿಂದ ಬಂದ ಎಳೆತ ಅದು.

ನಾನೂ ಶುರುವಿನಲ್ಲಿ ಇಂಗ್ಲಿಷ್ ಚಾರ್ಟ್ ಇಟ್ಟುಕೊಂಡೇ ಕಲಿಯಲು ಕೂತೆ. 'ಸಕೆ' (ಜಪಾನಿನ ಮದ್ಯ) ಅನ್ನುವ ಪದವನ್ನು 'ಸೇಕ್' ಅಂತ ಓದಿ ಕ್ಲಾಸಿನಲ್ಲಿ ನಗೆಪಾಟಲಾದೆ. ಆ ಸಂಜೆ ಸಿಟ್ಟಿನಲ್ಲಿ ಚಾರ್ಟಿನ ಇಂಗ್ಲಿಷ್ ಅಕ್ಷರಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿ ಕನ್ನಡದಲ್ಲಿ ಬರೆದೆ. ಬರೆದು ಮುಗಿಸಿ ನೋಡಿದರೆ ನಗು ಬಂತು. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ ವರ್ಣಮಾಲೆಯೇ ಎದುರಿಗಿತ್ತು!

ನೀವೇ ನೋಡಿ. ಹಿರಗನದ ಸ್ವರಗಳು ಅ, ಇ, ಉ, ಎ, ಒ. ನಮ್ಮ ಸ್ವರಗಳಿಂದ ದೀರ್ಘಗಳನ್ನೂ ಋ, ಐ, ಔಗಳನ್ನೂ ತೆಗೆದರೆ ಉಳಿಯುವುದು ಇಷ್ಟೇ, ಇದೇ ಕ್ರಮದಲ್ಲಿ. ವ್ಯಂಜನದ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವ್ಯಂಜನಗಳಿಂದ ಇವಕ್ಕೆ ಸಾಟಿಯಾದವನ್ನು ಮಾತ್ರ ಆಯ್ದರೆ ಕ, ಚ, ತ, ನ, ಪ, ಮ, ಯ, ರ, ವ. 'ಚ' ಇರಬೇಕಾದಲ್ಲಿ 'ಸ', 'ಪ' ಇರಬೇಕಾದಲ್ಲಿ 'ಹ' ಇದೆ, ಅಷ್ಟೇ ವ್ಯತ್ಯಾಸ. ಹಳೆಯ ಜಪಾನಿಯಲ್ಲಿ ಆ 'ಸ' ಚಕಾರಕ್ಕೆ ಹತ್ತಿರವಿತ್ತು, 'ಹ' ಒಂದು ಕಾಲಕ್ಕೆ 'ಪ'ವೇ ಆಗಿತ್ತು ಅಂತ ಭಾಷಾ ಪಂಡಿತರು ಹೇಳುತ್ತಾರೆ. ಕೊನೆಯಲ್ಲಿ ಒಂಟಿಯಾಗಿ ಒಂದು 'ನ್' ಇದೆ. ಅದು ನಮ್ಮ ಅನುಸ್ವಾರದ ಖಾಸಾ ತಮ್ಮ. ಅವನ ಕಥೆ ಆಮೇಲೆ.

ಇದು ಕಾಕತಾಳೀಯ ಅಲ್ಲ. ಜಪಾನಿನ ಬೌದ್ಧ ಭಿಕ್ಷುಗಳು ಮಂತ್ರಗಳನ್ನು ಸರಿಯಾಗಿ ಉಚ್ಚರಿಸಬೇಕು ಅಂತ ಸಿದ್ಧಂ ಎಂಬ ಭಾರತದ ಲಿಪಿಯನ್ನು, ಜೊತೆಗೆ ಸಂಸ್ಕೃತದ ವರ್ಣಕ್ರಮವನ್ನು ಕಲಿಯುತ್ತಿದ್ದರು. ಕೂಕಾಯ್ ಎಂಬ ಸನ್ಯಾಸಿ ಚೀನಾದಲ್ಲಿ ಓದಿ 806ರಲ್ಲಿ ಈ ವಿದ್ಯೆಯನ್ನೂ ಹೊತ್ತುಕೊಂಡು ಜಪಾನಿಗೆ ಮರಳಿದರು. ಸಿದ್ಧಂ ಕೂಡ ಬ್ರಾಹ್ಮಿಯ ಕುಡಿ, ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯ ಕುಡಿ. ಹಿರಗನದ ಕ್ರಮ ಭಾರತದ್ದು, ಆಕಾರ ಮಾತ್ರ ಚೀನಾದ್ದು. ಚೀನಿ ಅಕ್ಷರಗಳನ್ನು ಬ್ರಷ್ಷಿನಲ್ಲಿ ಬೇಗ ಬೇಗ ಬರೆಯುತ್ತಾ ಬರೆಯುತ್ತಾ ಸವೆದು ಉಳಿದ ರೂಪಗಳೇ ಇವು. ಒಂಬತ್ತನೇ ಶತಮಾನದ ಹೊತ್ತಿಗೆ ಇವು ರೂಢಿಗೆ ಬಂದವು. ಅರಮನೆಯ ಹೆಂಗಸರು ಹೆಚ್ಚಾಗಿ ಬಳಸುತ್ತಿದ್ದರಿಂದ ಇದಕ್ಕೆ 'ಹೆಂಗಸರ ಕೈಬರಹ' ಅಂತಲೇ ಹೆಸರಿತ್ತು. ಹಿಂದೆ ಒಂದೊಂದು ಉಚ್ಚಾರಕ್ಕೆ ಹಲವು ಆಕಾರಗಳಿದ್ದವು. 1900ರಲ್ಲಿ ಶಾಲೆಗಳಿಗಾಗಿ ಒಂದಕ್ಕೆ ಒಂದೇ ಆಕಾರ ಅಂತ ಗೊತ್ತುಮಾಡಿದರು. ನಮ್ಮ ಅದೃಷ್ಟ.

ಈಗ ಕೆಲಸಕ್ಕೆ ಇಳಿಯೋಣ.

ಏನೇನು ಬೇಕು

ಒಂದು ಹಿರಗನ ಚಾರ್ಟ್. ಗೆರೆಗಳ ಕ್ರಮವನ್ನು ಅಂಕಿ ಹಾಕಿ ತೋರಿಸಿರುವಂಥದ್ದನ್ನು ಪ್ರಿಂಟ್ ತೆಗೆಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಇಲ್ಲಿ ನಾನು ಅಕ್ಷರಗಳನ್ನು ಅವುಗಳ ಉಚ್ಚಾರದಿಂದ ಕರೆಯುತ್ತೇನೆ, ಆಕಾರವನ್ನು ನೀವು ಚಾರ್ಟಿನಲ್ಲಿ ನೋಡುತ್ತಾ ಬನ್ನಿ. ಚಾರ್ಟು ಕೈಬರಹದ ಶೈಲಿಯಲ್ಲಿರಲಿ. 'ಕಿ' ಮತ್ತು 'ಸ' ಕಂಪ್ಯೂಟರ್ ಫಾಂಟಿನಲ್ಲಿ ಕೆಳಗೆ ಕೂಡಿಕೊಂಡಿರುತ್ತವೆ, ಕೈಯಲ್ಲಿ ಬರೆಯುವಾಗ ಅಲ್ಲಿ ಪೆನ್ನು ಎತ್ತಬೇಕು. ನಾನು ಫಾಂಟ್ ನೋಡಿ ಎರಡು ಪುಟ 'ಕಿ' ಬರೆದುಕೊಂಡು ಹೋಗಿ ಎಲ್ಲದಕ್ಕೂ ಕೆಂಪು ಗೆರೆ ಎಳೆಸಿಕೊಂಡಿದ್ದೇನೆ.

ಒಂದು ಚೌಕದ ನೋಟ್‌ಬುಕ್. ಮಕ್ಕಳು ಲೆಕ್ಕ ಬರೆಯುತ್ತಾರಲ್ಲ, ಅದೇ. ನಾಲ್ಕು ಚೌಕ ಸೇರಿಸಿ ಒಂದು ದೊಡ್ಡ ಮನೆ ಅಂತ ಮಾಡಿಕೊಳ್ಳಿ. ಆಗ ನಡುವೆ ತಾನಾಗಿಯೇ ಒಂದು ಕೂಡು ಗೆರೆ ಸಿಗುತ್ತದೆ. ಜಪಾನಿನ ಮಕ್ಕಳ ನೋಟ್‌ಬುಕ್ಕಿನಲ್ಲಿ ಮನೆಯ ನಡುವೆ ಇಂಥದ್ದೇ ಚುಕ್ಕಿ ಗೆರೆ ಇರುತ್ತದೆ. ಯಾವ ಗೆರೆ ಎಲ್ಲಿ ಶುರುವಾಗಬೇಕು, ಎಷ್ಟು ಕೆಳಗಿಳಿಯಬೇಕು ಅಂತ ಗೊತ್ತಾಗುವುದು ಅದರಿಂದಲೇ. ಪೆನ್ಸಿಲ್ ಬಳಸಿ. ಜೆಲ್ ಪೆನ್ನು ಸುಮ್ನೆ ಜಾರುತ್ತದೆ.

ಇನ್ನು ಕಾರ್ಡುಗಳು. ಮನೆಯಲ್ಲಿ ಬಿದ್ದಿರುವ ಹಳೆ ಮದುವೆ ಕಾರ್ಡುಗಳನ್ನು ಖಾಲಿ ಜಾಗ ನೋಡಿ ಕತ್ತರಿಸಿ. ಒಂದು ಬದಿ ಹಿರಗನ, ಇನ್ನೊಂದು ಬದಿ ಕನ್ನಡ. ಹಿರಗನದ ಕೆಳಗೇ ಕನ್ನಡ ಬರೆಯಬೇಡಿ. ಬರೆದರೆ ಕಣ್ಣು ಕನ್ನಡವನ್ನೇ ಓದುತ್ತದೆ, ಮೇಲಿನದ್ದು ಬರೀ ಚಿತ್ರವಾಗಿ ಉಳಿಯುತ್ತದೆ.

ಮೊದಲ ವಾರ: ಒಂದು ದಿನಕ್ಕೆ ಒಂದು ಸಾಲು

ಕಲಿಯಬೇಕಾದದ್ದು 46 ಅಕ್ಷರ. ಸಾಲಿಗೆ ಐದರಂತೆ ಹತ್ತು ಸಾಲು ಅಂದರೆ 50 ಆಗಬೇಕಿತ್ತು. ಆದರೆ ಯ ಸಾಲಿನಲ್ಲಿ ಯ, ಯು, ಯೊ ಮಾತ್ರ ಇವೆ. ವ ಸಾಲಿನಲ್ಲಿ ವ ಇದೆ, ಜೊತೆಗೆ ಈಗ 'ಒ' ಅಂತಲೇ ಓದುವ ಇನ್ನೊಂದು ಇದೆ. ಅಲ್ಲಿಗೆ 45, ಆ ಒಂಟಿ 'ನ್' ಸೇರಿ 46.

ಒಂದು ಕಷ್ಟ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಗುಣಿತದಲ್ಲಿ ಕ, ಕಿ, ಕು ನೋಡಿದರೆ ಒಂದೇ ಮನೆಯವು ಅಂತ ಗೊತ್ತಾಗುತ್ತದೆ. ಹಿರಗನದಲ್ಲಿ ಕ ಬೇರೆ, ಕಿ ಬೇರೆ, ಕು ಬೇರೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಕ್ರಮ ನಮ್ಮದಾದರೂ ಮುಖಗಳನ್ನು ಒಂದೊಂದಾಗಿಯೇ ಪರಿಚಯ ಮಾಡಿಕೊಳ್ಳಬೇಕು.

ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲು ಆ ದಿನದ ಐದು ಅಕ್ಷರಗಳನ್ನು ಬೆರಳಿನಿಂದ ಮೇಜಿನ ಮೇಲೆ ದೊಡ್ಡದಾಗಿ ತಿದ್ದಿ. ನಾವು ಮರಳಿನ ಮೇಲೆ, ಅಕ್ಕಿಯ ಮೇಲೆ ಅಕ್ಷರ ತಿದ್ದಿಲ್ಲವೇ, ಹಾಗೆ. ಆಮೇಲೆ ಬಾಯಲ್ಲಿ ಹೇಳುತ್ತಾ ಪುಸ್ತಕದಲ್ಲಿ ಒಂದೊಂದನ್ನೂ ಹತ್ತು ಸಲ ಬರೆಯಿರಿ. ಹತ್ತಕ್ಕಿಂತ ಜಾಸ್ತಿ ಬೇಡ. ಹನ್ನೊಂದನೇ ಸಲಕ್ಕೆ ಕೈ ತಾನಾಗಿ ಓಡುತ್ತಿರುತ್ತದೆ, ತಲೆ ರಾತ್ರಿಯ ಸಾರಿನ ಬಗ್ಗೆ ಯೋಚಿಸುತ್ತಿರುತ್ತದೆ. ನಂತರ ಚಾರ್ಟ್ ಮುಚ್ಚಿ ಐದನ್ನೂ ನೆನಪಿನಿಂದ ಬರೆಯಿರಿ. ಮಾರನೇ ದಿನ ಹೊಸ ಸಾಲಿಗೆ ಹೋಗುವ ಮುಂಚೆ ಹಿಂದಿನ ಎಲ್ಲ ಕಾರ್ಡುಗಳನ್ನು ಕಲಸಿ ಒಂದು ಸುತ್ತು ನೋಡಿ. ತಪ್ಪಿದ್ದನ್ನು ಮಾತ್ರ ಮತ್ತೆ ಬರೆಯಿರಿ. ರಜೆಯ ದಿನ ಎರಡು ಸಾಲು ಆದೀತು. ಒಂದೇ ರಾತ್ರಿ 46 ಮುಗಿಸುತ್ತೇನೆ ಅಂತ ಕೂರಬೇಡಿ. ನಾನು ಕೂತಿದ್ದೆ. ಬೆಳಿಗ್ಗೆ ಎದ್ದಾಗ ಒಂಬತ್ತು ಉಳಿದಿದ್ದವು.

ಗೆರೆಯ ನಿಯಮ ಸುಲಭ: ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಅಡ್ಡಗೆರೆ ಸಾಮಾನ್ಯವಾಗಿ ಮೊದಲು, ಉದ್ದಗೆರೆ ಆಮೇಲೆ. ಇದಕ್ಕೆ ತಲೆಕೆಳಗಾಗಿರುವುದು 'ಮೊ'. ಅದರಲ್ಲಿ ಕೊಕ್ಕೆಯಂಥ ಉದ್ದಗೆರೆ ಮೊದಲು, ಎರಡು ಅಡ್ಡಗೆರೆ ಆಮೇಲೆ. 'ಅ' ನೋಡಿ, ಮೂರು ಗೆರೆ. ಮೇಲೊಂದು ಗಿಡ್ಡ ಅಡ್ಡಗೆರೆ. ಅದನ್ನು ಕತ್ತರಿಸುತ್ತಾ ಸ್ವಲ್ಪ ಬಾಗಿ ಇಳಿಯುವ ಉದ್ದಗೆರೆ. ಮೂರನೆಯದು ಬಲಗಡೆ ಶುರುವಾಗಿ, ಓರೆಯಾಗಿ ಎಡಕ್ಕೆ ಇಳಿದು, ಮೇಲಕ್ಕೆ ಹತ್ತಿ, ಬಲಕ್ಕೆ ದೊಡ್ಡ ಸುತ್ತು ಹಾಕಿ ಕೆಳಗೆ ಜಾರಿಹೋಗುತ್ತದೆ. ಆ ಸುತ್ತು ಕನ್ನಡ ಬರೆದ ಕೈಗೆ ಬೇಗ ಒಗ್ಗುತ್ತದೆ. ಗುಂಡಗೆ ಬರೆದೇ ಬೆಳೆದವರಲ್ಲವೇ ನಾವು?

ಗೆರೆ ಮುಗಿಯುವ ಬಗೆ ಮೂರು: ಗಟ್ಟಿಯಾಗಿ ನಿಲ್ಲಿಸುವುದು, ತುದಿಯಲ್ಲಿ ಚಿಮ್ಮಿಸುವುದು, ಹಗುರವಾಗಿ ತೇಲಿಸಿ ಬಿಡುವುದು. ಬ್ರಷ್ಷಿನ ಕಾಲದ ಗುರುತು ಇದು. ಶುರುವಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಚಾರ್ಟಿನಲ್ಲಿ ಗಮನಿಸುತ್ತಿರಿ.

ನೆನಪಿಗೆ ಕನ್ನಡದ ಕೊಕ್ಕೆ

ಇಂಗ್ಲಿಷಿನಲ್ಲಿ ಇದಕ್ಕೆ ನೂರಾರು ಗುರುತಿನ ಚಿತ್ರಗಳಿವೆ. ಅವೆಲ್ಲ ಇಂಗ್ಲಿಷ್ ಪದ ಹಿಡಿದು ಮಾಡಿದವು, ನಮಗೆ ಎರಡು ಸಲ ತಿರುವು. ನಾನು ಮಾಡಿಕೊಂಡ ಕೆಲವನ್ನು ಹೇಳುತ್ತೇನೆ. 'ಕು' ಬಾಗಿದ ಒಂದೇ ಗೆರೆ, ಕುಡುಗೋಲು. 'ಹೆ' ಗುಡ್ಡದಂತೆ ಏರಿ ಇಳಿಯುವ ಗೆರೆ, ಹೆಂಚಿನ ಮನೆಯ ಸೂರು. 'ಸೊ' ಸೊಟ್ಟ ಸೊಟ್ಟ. 'ತೆ' ಭಾರಕ್ಕೆ ಬಾಗಿದ ಭತ್ತದ ತೆನೆ. 'ನೊ' ನೊಣ ಸುತ್ತು ಹೊಡೆದ ದಾರಿ. 'ಹಿ' ಅಗಲ ಬಾಯಿ, ಹಿಹಿ ಅಂತ ನಗುತ್ತಿದೆ. 'ಮೊ' ಬಾಗಿಹೋದ ಮೊಳೆ, ಎರಡು ಅಡ್ಡಗೆರೆ ಸಮೇತ. ಉಳಿದವನ್ನು ನೀವೇ ಕಟ್ಟಿಕೊಳ್ಳಿ. ಬೇರೆಯವರ ಕೊಕ್ಕೆಗಿಂತ ನಮ್ಮದೇ ಕೊಕ್ಕೆ ಗಟ್ಟಿ, ಎಷ್ಟೇ ಪೆದ್ದಾಗಿರಲಿ.

ಉಚ್ಚಾರ ಎಲ್ಲಿ ಜಾರುತ್ತದೆ

ನಾಲ್ಕೇ ಕಡೆ. ಸ ಸಾಲಿನಲ್ಲಿ 'ಸಿ' ಇಲ್ಲ, 'ಶಿ' ಇದೆ. ತ ಸಾಲಿನಲ್ಲಿ 'ತಿ' ಬದಲು 'ಚಿ', 'ತು' ಬದಲು 'ತ್ಸು'. ಉತ್ಸವದಲ್ಲಿ ಬರುವ ತ್ಸ, ಅದಕ್ಕೆ ಉಕಾರ. ಇಂಗ್ಲಿಷ್ ಮಾತಾಡುವವರು ಇದನ್ನು ಹೇಳಲು ಪರದಾಡುತ್ತಾರೆ, ನಮಗೆ ನೀರು ಕುಡಿದಷ್ಟು ಸುಲಭ. ಹ ಸಾಲಿನಲ್ಲಿ 'ಹು' ಬದಲು 'ಫು'. ಹಲ್ಲು ತುಟಿಗೆ ತಾಗಬಾರದು. ದೀಪ ಆರಿಸುವಾಗ ಊದುತ್ತೇವಲ್ಲ, ಆ ಗಾಳಿ.

ತ ಅಂದರೆ ನಮ್ಮ ತ, ಟ ಅಲ್ಲ. ರ ಅಂದರೆ ಹಗುರವಾದ ರ. ಲ, ಳ ಇಲ್ಲವೇ ಇಲ್ಲ. ಹ್ರಸ್ವ ಎ, ಒ ನಮಗಿರುವುದು ಇಲ್ಲಿ ದೊಡ್ಡ ಆಸ್ತಿ. ಹಿಂದಿ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ ಆ ಸೌಕರ್ಯವಿಲ್ಲ.

ಈಗ ಆ ಒಂಟಿ 'ನ್'. ಮುಂದಿನ ಅಕ್ಷರ ನೋಡಿ ಇದು ಬಣ್ಣ ಬದಲಿಸುತ್ತದೆ. ಪ, ಬ, ಮ ಮುಂದೆ ಬಂದರೆ ಮ್, ಕ, ಗ ಬಂದರೆ ಙ್. ಪುಸ್ತಕಗಳು ಇದನ್ನು ನಿಯಮ ಅಂತ ಅರ್ಧ ಪುಟ ಬರೆಯುತ್ತವೆ. ನಾವು 'ಅಂಬಾರಿ', 'ಅಂಗಡಿ' ಓದುವಾಗ ಯಾವ ನಿಯಮ ನೆನಪಿಸಿಕೊಳ್ಳುತ್ತೇವೆ? ಶಿಂಬುನ್ ಅಂದರೆ ದಿನಪತ್ರಿಕೆ, ತೆಂಕಿ ಅಂದರೆ ಹವೆ. ಸೊನ್ನೆ ಹಾಕಿ ಬರೆದುಕೊಳ್ಳಿ, ಉಚ್ಚಾರ ತಾನಾಗಿ ಸರಿಯಾಗುತ್ತದೆ. ಒಂದೇ ಎಚ್ಚರ: ಜಪಾನಿಯಲ್ಲಿ ಈ ಸೊನ್ನೆಗೂ ಒಂದು ಪೂರ್ತಿ ಅಕ್ಷರದಷ್ಟು ಕಾಲ ಕೊಡಬೇಕು.

ಅವಳಿ-ಜವಳಿಗಳು

ಎರಡನೇ ವಾರ ಸಾಲು ಮುಗಿದಾಗ ಎಲ್ಲ ಬಂತು ಅಂತ ಖುಷಿಯಾಗುತ್ತದೆ. ಆಗಲೇ ಗೊಂದಲ ಶುರು. ಒಂದೇ ಥರ ಕಾಣುವವನ್ನು ಪಕ್ಕ ಪಕ್ಕ ಬರೆದು ನೋಡಿ, ಬೇರೆ ದಾರಿ ಇಲ್ಲ. 'ನು' ಮತ್ತು 'ಮೆ' ಹೆಚ್ಚುಕಡಿಮೆ ಒಂದೇ, 'ನು'ವಿನ ಬಾಲದಲ್ಲಿ ಸಣ್ಣ ಕುಣಿಕೆ ಇದೆ. 'ರು' ಮತ್ತು 'ರೊ' ಕೂಡ ಹಾಗೆಯೇ, ಕುಣಿಕೆ 'ರು'ಗೆ, 'ರೊ' ಬರೀ ಇಂಗ್ಲಿಷ್ 3ರ ಹಾಗೆ. 'ನೆ', 'ರೆ', 'ವ' ಮೂವರು ಅಣ್ಣತಮ್ಮಂದಿರು. ಎಡಭಾಗ ಒಂದೇ, ಬಲ ತುದಿ ನೋಡಿ. 'ನೆ' ಕುಣಿಕೆ ಹಾಕುತ್ತದೆ, 'ರೆ' ಹೊರಕ್ಕೆ ಚಿಮ್ಮುತ್ತದೆ, 'ವ' ಒಳಕ್ಕೆ ಬಾಗುತ್ತದೆ. 'ಸ' ಮತ್ತು 'ಚಿ' ಕನ್ನಡಿಯಲ್ಲಿ ನೋಡಿದ ಹಾಗೆ. 'ಚಿ' ಇಂಗ್ಲಿಷ್ 5ರಂತೆ ಹೊಟ್ಟೆಯನ್ನು ಬಲಕ್ಕೆ ಬಿಡುತ್ತದೆ. 'ಇ'ಯಲ್ಲಿ ಎಡಗೆರೆ ಉದ್ದ, 'ರಿ'ಯಲ್ಲಿ ಬಲಗೆರೆ ಉದ್ದ.

ನನ್ನನ್ನು ಹೆಚ್ಚು ದಿನ ಕಾಡಿದ್ದು 'ಹೊ' ಮತ್ತು 'ಮ'. 'ಮ'ದ ಉದ್ದಗೆರೆ ಮೇಲಿನ ಅಡ್ಡಗೆರೆಯನ್ನು ತೂರಿಕೊಂಡು ತಲೆ ಹೊರಗೆ ಹಾಕುತ್ತದೆ. 'ಹೊ'ದಲ್ಲಿ ತೂರುವುದಿಲ್ಲ, ಅಡ್ಡಗೆರೆಗೆ ಅಂಟಿಕೊಂಡೇ ಇಳಿಯುತ್ತದೆ.

ಚುಕ್ಕಿ, ಸೊನ್ನೆ, ಒತ್ತು

46 ಬಂದ ಮೇಲೆ ಉಳಿದದ್ದು ಬರೀ ಅಲಂಕಾರ. ಅಕ್ಷರದ ಮೇಲಿನ ಬಲ ಮೂಲೆಯಲ್ಲಿ ಎರಡು ಸಣ್ಣ ಗೀಟು ಹಾಕಿದರೆ ಕ ಹೋಗಿ ಗ, ತ ಹೋಗಿ ದ, ಸ ಹೋಗಿ ಜ಼, ಹ ಹೋಗಿ ಬ. ಹ ಇದ್ದದ್ದು ಬ ಹೇಗಾಯಿತು ಅಂತ ಕೇಳಬೇಡಿ, ಮೇಲೆ ಹೇಳಿದೆನಲ್ಲ, ಅದು ಹಳೆಯ ಪ. ಹ ಸಾಲಿಗೇ ಎರಡು ಗೀಟಿನ ಬದಲು ಪುಟ್ಟ ಸೊನ್ನೆ ಹಾಕಿದರೆ ಪ. ಹೀಗೆ 25 ಹೊಸ ರೂಪ, ಒಂದು ದಿನದ ಕೆಲಸ.

ಒತ್ತಕ್ಷರ ಇಲ್ಲೂ ಇದೆ, ಬರೆಯುವ ರೀತಿ ಬೇರೆ. 'ತ್ಸು'ವನ್ನು ಚಿಕ್ಕದಾಗಿ ಮನೆಯ ಕೆಳಭಾಗದಲ್ಲಿ ಬರೆದರೆ ಮುಂದಿನ ಅಕ್ಷರ ಇಮ್ಮಡಿ. ಆಗ ಅದನ್ನು ತ್ಸು ಅಂತ ಓದಬಾರದು. 'ಒತೊ' ಅಂದರೆ ಸದ್ದು, 'ಒತ್ತೊ' ಅಂದರೆ ಗಂಡ. ಚಿಕ್ಕ 'ತ್ಸು' ಮರೆತರೆ ಗಂಡ ಬರೀ ಸದ್ದಾಗಿ ಉಳಿಯುತ್ತಾನೆ. ನ್ನ, ಮ್ಮ ಬಂದಲ್ಲಿ ಮಾತ್ರ ಈ ಚಿಕ್ಕ 'ತ್ಸು' ಅಲ್ಲ, ಒಂಟಿ 'ನ್' ಬರುತ್ತದೆ. ಒನ್ನ (ಹೆಂಗಸು) ಅಂದರೆ ಒ, ನ್, ನ.

ಯ ಒತ್ತು ಕೂಡ ಸುಲಭ. 'ಕಿ' ಬರೆದು ಅದರ ಕೆಳಗೆ-ಪಕ್ಕಕ್ಕೆ ಚಿಕ್ಕ 'ಯ' ಹಾಕಿದರೆ ಕ್ಯ. ಚಿಕ್ಕ 'ಯು' ಹಾಕಿದರೆ ಕ್ಯು, ಚಿಕ್ಕ 'ಯೊ' ಹಾಕಿದರೆ ಕ್ಯೊ. ಇಕಾರದ ಅಕ್ಷರಗಳಿಗಷ್ಟೇ ಇದು. ಚಿಕ್ಕದೋ ದೊಡ್ಡದೋ ಅನ್ನುವುದು ಮಾತ್ರ ಮುಖ್ಯ. 'ಬ್ಯೋಇನ್' ಆಸ್ಪತ್ರೆ, 'ಬಿಯೋಇನ್' ಬ್ಯೂಟಿ ಪಾರ್ಲರ್. ಎರಡಕ್ಕೂ ಇರುವ ವ್ಯತ್ಯಾಸ ಆ 'ಯೊ' ಗಾತ್ರವೊಂದೇ.

ದೀರ್ಘ: ಇಲ್ಲಿ ನಿಧಾನ

ಹಿರಗನದಲ್ಲಿ ದೀರ್ಘಕ್ಕೆ ಬೇರೆ ಗುರುತಿಲ್ಲ, ಪಕ್ಕದಲ್ಲಿ ಇನ್ನೊಂದು ಸ್ವರ ಬರೆಯುತ್ತಾರೆ. 'ಒಬಸನ್' ಅತ್ತೆ, ಚಿಕ್ಕಮ್ಮ ಥರದವರು. 'ಒಬಾಸನ್' ಅಜ್ಜಿ. ಅಜ್ಜಿಗೆ ಬ ಆದಮೇಲೆ ಒಂದು ಅ ಜಾಸ್ತಿ. ಕನ್ನಡದ ಕಿವಿಗೆ ಇದು ಕಷ್ಟವೇ ಅಲ್ಲ. ಬರೆಯುವಾಗ ತಪ್ಪುವುದು ಏ ಮತ್ತು ಓ. ಏ ಕೇಳಿಸಿದರೆ ಸಾಮಾನ್ಯವಾಗಿ ಎಕಾರದ ಮುಂದೆ 'ಇ' ಬರೆಯಬೇಕು: ಸೆನ್ಸೇ (ಮೇಷ್ಟ್ರು) ಅಂದರೆ ಸೆ, ನ್, ಸೆ, ಇ. ಓ ಕೇಳಿಸಿದರೆ 'ಉ': ತೋಕ್ಯೋ ನಗರ ಬರೆಯಲು ತೊ, ಉ, ಕಿ, ಚಿಕ್ಕ ಯೊ, ಉ.

ಹಾಗಾದರೆ ಓಸಕ ನಗರ? ಅಲ್ಲಿ 'ಉ' ಇಲ್ಲ, ಒ, ಒ, ಸ, ಕ. ಹೀಗೆ 'ಒ' ಇಮ್ಮಡಿ ಬರೆಯುವ ಪದಗಳು ಒಂದಷ್ಟಿವೆ: ಓಕೀ (ದೊಡ್ಡದು), ತೋಯಿ (ದೂರ), ಕೋರಿ (ಮಂಜುಗಡ್ಡೆ). ಎದುರಾದಾಗ ಒಂದೊಂದಾಗಿ ಕಾರ್ಡಿಗೆ ಸೇರಿಸಿಕೊಳ್ಳಿ.

ಎರಡು ಅಕ್ಷರಗಳಿಗೆ ಎರಡೆರಡು ವೇಷ. 'ಹ' ವಾಕ್ಯದಲ್ಲಿ ಪ್ರತ್ಯಯವಾಗಿ ಬಂದರೆ 'ವ' ಅಂತ ಓದಬೇಕು, 'ಹೆ' ಪ್ರತ್ಯಯವಾದರೆ 'ಎ'. ಕೊನ್ನಿಚಿವ ಅಂತ ಹೇಳುತ್ತೇವಲ್ಲ, ಬರೆಯುವುದು ಕೊ, ನ್, ನಿ, ಚಿ, ಹ. ವ ಸಾಲಿನ ಆ ಕೊನೆಯ 'ಒ' ಪ್ರತ್ಯಯಕ್ಕೆ ಮಾತ್ರ ಬಳಕೆ, ಸುಮಾರಾಗಿ ನಮ್ಮ 'ಅನ್ನು' ಇದ್ದ ಹಾಗೆ.

ಇನ್ನು ಓದಿ, ಬರೆಯಿರಿ

ಕನ್ನಡ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಜಪಾನಿಯಲ್ಲೂ ಬಹುಪಾಲು ಹಾಗೆಯೇ. ಅದಕ್ಕೇ ಕನ್ನಡ ಪದಗಳನ್ನೇ ಹಿರಗನದಲ್ಲಿ ಬರೆದು ಅಭ್ಯಾಸ ಮಾಡಬಹುದು. ಮನೆ, ಮರ, ಕನಸು, ನೆನಪು, ಸೊಸೆ, ಅತ್ತೆ, ಅಪ್ಪ, ಅಮ್ಮ. ಮಜಾ ಏನೆಂದರೆ ಕೆಲವು ಅಲ್ಲೂ ಪದಗಳೇ. 'ಕಸ' ಅಂದರೆ ಕೊಡೆ, 'ಮನೆ' ಅಂದರೆ ಅನುಕರಣೆ, 'ಹಕ್ಕಿ' ಅಂದರೆ ಸಾಮರ್ಥ್ಯ ತೋರುವುದು. ನಿಮ್ಮ ಹೆಸರನ್ನೂ ಬರೆದು ಖುಷಿಪಡಿ. ಆದರೆ ಜಪಾನಿನಲ್ಲಿ ಹೊರದೇಶದವರ ಹೆಸರು ಬರೆಯುವುದು ಕತಕನ ಎಂಬ ಇನ್ನೊಂದು ಲಿಪಿಯಲ್ಲಿ. ಟ್ಯಾಟೂ ಹಾಕಿಸಿಕೊಳ್ಳುವ ಆತುರ ಬೇಡ.

ಓದಲು ರೈಲು ನಿಲ್ದಾಣಗಳ ಬೋರ್ಡಿನ ಫೋಟೊಗಳಿಗಿಂತ ಒಳ್ಳೆ ಪಾಠ ಇಲ್ಲ. ಹೆಸರನ್ನು ಹಿರಗನದಲ್ಲೂ ಬರೆದಿರುತ್ತಾರೆ. ಉಎನೊ ಮೂರೇ ಅಕ್ಷರ. ಮೆಗುರೊದಲ್ಲಿ ಕುಡುಗೋಲಿಗೆ ಎರಡು ಗೀಟು ಸಿಗುತ್ತದೆ. ಶಿಬುಯ ಓದಿ, ಆಮೇಲೆ ಅಕಿಹಬರ, ಕೊನೆಗೆ ಶಿಂಜುಕು. ಅಲ್ಲಿ ಒಂಟಿ 'ನ್', ಗೀಟು, ಚಿಕ್ಕ ಯು ಮೂರೂ ಒಟ್ಟಿಗೆ ಸಿಗುತ್ತವೆ. ಪುಟ್ಟ ಮಕ್ಕಳ ಚಿತ್ರಪುಸ್ತಕಗಳು ಬಹುಮಟ್ಟಿಗೆ ಹಿರಗನದಲ್ಲೇ ಇರುತ್ತವೆ, ಪದಗಳ ನಡುವೆ ಜಾಗವನ್ನೂ ಬಿಟ್ಟಿರುತ್ತಾರೆ. ದೊಡ್ಡವರ ಬರಹದಲ್ಲಿ ಆ ಜಾಗ ಇರುವುದಿಲ್ಲ.

ಫೋನಿನಲ್ಲಿ ಜಪಾನಿ ಕೀಬೋರ್ಡ್ ಹಾಕಿಕೊಳ್ಳಿ. ಹನ್ನೆರಡು ಗುಂಡಿಯ ಕೀಬೋರ್ಡಿನಲ್ಲಿ ಅ, ಕ, ಸ, ತ, ನ, ಹ, ಮ, ಯ, ರ, ವ ಅದೇ ಕ್ರಮದಲ್ಲಿ ಕೂತಿವೆ. ಕ ಒತ್ತಿ ಎಡಕ್ಕೆ ಎಳೆದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಬೆರಳ ತುದಿಯಲ್ಲಿ ಕಾಗುಣಿತ.

ಬೆಂಗಳೂರಿನಲ್ಲಿ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಒಂದು ಮಾತು. ಅದರ ಐದನೇ, ಅಂದರೆ ಎಲ್ಲಕ್ಕಿಂತ ಸುಲಭದ ಹಂತದಲ್ಲೂ ಹಿರಗನ ಬಂದೇ ಬರುತ್ತದೆ ಅಂದುಕೊಂಡು ಪ್ರಶ್ನೆ ಕೇಳುತ್ತಾರೆ. ಆದರೆ ಕೈಯಲ್ಲಿ ಒಂದಕ್ಷರವೂ ಬರೆಯಿಸುವುದಿಲ್ಲ, ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಹಾಗಂತ ಬರೆಯುವುದನ್ನು ಬಿಡಬೇಡಿ. 'ನು' ಮತ್ತು 'ಮೆ' ವ್ಯತ್ಯಾಸ ನನ್ನ ಕಣ್ಣಿಗೆ ಗೊತ್ತಾಗಿದ್ದು ಕೈ ಆ ಕುಣಿಕೆ ಹಾಕಲು ಶುರು ಮಾಡಿದ ಮೇಲೆ.

ಎರಡು ವಾರ ಕಳೆದ ಮೇಲೆ ಒಂದು ದಿನ ಚಾರ್ಟನ್ನು ಡ್ರಾಯರಿನಲ್ಲಿ ಹಾಕಿ, ಖಾಲಿ ಹಾಳೆ ತೆಗೆದುಕೊಂಡು 'ಹಿರಗನ' ಅಂತ ಬರೆಯಿರಿ. 'ಹಿ' ಒಂದು ಗೆರೆ, ನಗುವ ಬಾಯಿ. 'ರ' ಎರಡು. 'ಕ' ಮೂರು, ಅದರ ಮೂಲೆಗೆ ಎರಡು ಗೀಟು. 'ನ' ನಾಲ್ಕು. ಒಟ್ಟು 12 ಸಲ ಪೆನ್ಸಿಲ್ ಇಟ್ಟಿದ್ದೀರಾ, ಎಣಿಸಿಕೊಳ್ಳಿ.